ಕೈ ಹಿಡಿದು ಮುಂದೆ ಕರೆತರುವವರು

ಬೀದರ
24 ಫೆಬ್ರವರಿ 2025

ಸಖು,

ನಾನು ಯಾರೆಂಬುದು ನಿನಗೆ ಮರೆತುಹೋದಂತಿದೆ. ಆದ್ದರಿಂದ ಮೊದಲು ಅದನ್ನೇ ಬರೆಯುತ್ತೇನೆ. ನಾನು ಜಿಜಾಬಾಯಿ, ದಿವಂಗತ ಪ್ರಭುದಾಸ ಮಾಸ್ತರರ ಹೆಂಡತಿ. ಬೋರ್ಡಿಂಗಿನಲ್ಲಿದ್ದು ಮೆಟ್ರಿಕ್ ಮುಗಿಸಿದವಳು. ಕೂದಲು ಕಪ್ಪಗಿದ್ದಾಗಿನಿಂದ ಬೀದರಿನ ನಮ್ಮ ಸಭೆಯ ಸ್ತ್ರೀ ಸಮಾಜಕ್ಕೆ ಅಧ್ಯಕ್ಷೆ. ಪವಿತ್ರ ಭೋಜನದ ದಿನ ಹೆಂಗಸರ ಸಾಲಿನಲ್ಲಿ ನಾನು ಏಳುವ ತನಕ ಯಾರೂ ಏಳುವುದಿಲ್ಲ. ಪಾಸ್ಟರುಗಳು ಬರುತ್ತಾರೆ, ವರ್ಗವಾಗಿ ಹೋಗುತ್ತಾರೆ. ನಾನು ಇದ್ದಲ್ಲೇ ಇದ್ದೇನೆ. ಇವೆಲ್ಲದರ ಮೇಲೆ ನಾನು ನಿನ್ನ ಅಕ್ಕ.

ಇಂಥವಳಿಗೆ ನೀನು ನಿನ್ನ ಮಗ ಜ್ಞಾನೇಶ್ವರನ ಕೈಯಿಂದ ಫೋನು ಮಾಡಿಸುತ್ತೀ. ನನ್ನ ಕಿವಿಗೆ ಫೋನು ಆಗದು ಎಂದು ನಿನಗೆ ಗೊತ್ತು. ಅವನು ಹೇಳಿದ್ದನ್ನು ನನ್ನ ಮಗಳು ಕಿವಿಯ ಹತ್ತಿರ ಕೂಗಿದಳು: "ಯವ್ವಾ, ಸಿದ್ದೇಶ್ವರಿ ಕೈ ಹಿಡೀಲಿಕ್ಕೆ ಕುಶನೂರಿಗೆ ಬರಬೇಕಂತ!" ನನಗಿಂತ ಮೊದಲು ಓಣಿಯೇ ಕೇಳಿಸಿಕೊಂಡಿತು.

ನನ್ನ ಉತ್ತರ, ಇಲ್ಲ.

ಸಿದ್ದೇಶ್ವರಿ ನನ್ನ ಸಂಜುಕುಮಾರನ ಹೆಂಡತಿ ಎಂಬುದು ಸರಿ. ಅವನು ತೀರಿಕೊಂಡು ಮೂರು ವರ್ಷವಾದರೂ ಅವಳು ನನ್ನ ಸೊಸೆ ಎಂಬುದೂ ಸರಿ. ಆದರೆ ಅವಳು ಭಾಲ್ಕಿಯವಳು, ನಮ್ಮವಳಲ್ಲ. ನನ್ನ ಮಗನನ್ನು ಕಟ್ಟಿಕೊಳ್ಳಲು ದೀಕ್ಷಾಸ್ನಾನ ತೆಗೆದುಕೊಂಡವಳು. ತಲೆಯ ಮೇಲೆ ನೀರು ಬೀಳುವಾಗಲೂ ಅವಳ ಕಣ್ಣು ಅವನ ಮೇಲಿತ್ತು. ನಾನು ಎದುರಿನ ಬೆಂಚಿನಲ್ಲೇ ಕೂತಿದ್ದೆ.

ಅಂಥವಳು ಈಗ ನಿಮ್ಮ ಸಭೆಯ ಸೇವಕಿಯಾಗಬೇಕಂತೆ. ಮನೆಮನೆಗೆ ಹೋಗಿ ಪ್ರಾರ್ಥನೆ ಮಾಡಬೇಕಂತೆ, ಹೆಂಗಸರಿಗೆ ವಾಕ್ಯ ಕಲಿಸಬೇಕಂತೆ. ನಮ್ಮ ಪದ್ಧತಿ ಏನೆಂದು ನಿನಗೂ ಗೊತ್ತು. ಸೇವಕಿಯಾಗುವವಳನ್ನು ಅವಳ ಮನೆಯ ಹಿರಿಯಳು ಕೈ ಹಿಡಿದು ಮುಂದೆ ಕರೆತಂದು, "ಇವಳ ಮನಸ್ಸಿಗೆ ನಾನು ಜಾಮೀನು" ಎಂದು ಎಲ್ಲರೆದುರು ಹೇಳಬೇಕು. ಮನಸ್ಸಿಗೆ, ಸಖು. ಅಡುಗೆಗಲ್ಲ, ಹೊಲಿಗೆಗಲ್ಲ. ಆ ಮನಸ್ಸಿನಲ್ಲಿ ಏನಿದೆ ಎಂದು ನಾನು ಹೇಳುತ್ತೇನೆ: ನಿಮ್ಮ ಸಭೆಯ ಗುಡಿಯ ಪಕ್ಕದಲ್ಲಿ ಸೇವಕಿಗೆಂದು ಇರುವ ಪುಕ್ಕಟೆ ಕೋಣೆ.

ಇನ್ನು ಮುಂದೆ ಹೇಳುವುದಿದ್ದರೆ ಪತ್ರ ಬರೆಸು. ಜ್ಞಾನೇಶ್ವರನಿಂದಲ್ಲ, ಅವನ ಅಕ್ಷರ ಕೋಳಿ ಕೆದರಿದಂತಿರುತ್ತದೆ. ದೀಪಾವಳಿಯಿಂದ ಈಚೆಗೆ ನಿನಗೆ ಬರೆದುಕೊಡುತ್ತಿರುವವರ ಅಕ್ಷರ ಮುತ್ತಿನಂತಿದೆ. ಆ ಊರಲ್ಲಿ ಸಾಲಿ ಕಲಿತವರು ಒಬ್ಬರಾದರೂ ಇದ್ದಾರೆ ಎಂದು ಸಮಾಧಾನ.

ಜಿಜಾಬಾಯಿ


ಠಾಣಾ ಕುಶನೂರ
3 ಮಾರ್ಚ್ 2025

ಪ್ರೀತಿಯ ಅಕ್ಕನಿಗೆ ಸಖುಬಾಯಿಯ ವಂದನೆಗಳು.

ನಿನ್ನ ಪತ್ರ ಮುಟ್ಟಿತು. ನನ್ನ ಕಣ್ಣಿನ ಪೊರೆ ಇನ್ನೂ ತೆಗೆಸಿಲ್ಲ. ಬರೆದುಕೊಡುವವರೇ ಓದಿ ಹೇಳಿದರು. ನೀನು ಸಿದ್ದೇಶ್ವರಿಯ ಬಗ್ಗೆ ಬರೆದದ್ದನ್ನೆಲ್ಲ ಓದಿದರು, ಒಂದಕ್ಷರ ನುಂಗಲಿಲ್ಲ. ಅವರು ನಮ್ಮ ಓಣಿಯವರೇ, ಹೆಸರು ಕಟ್ಟಿಕೊಂಡು ನಿನಗೇನು?

ಕೋಣೆಯ ಮಾತು ಎತ್ತಿದ್ದೀ. ಆ ಕೋಣೆಯಲ್ಲಿ ತೊಗರಿ ಚೀಲ ತುಂಬಿದ್ದಾರೆ, ಹೆಗ್ಗಣ ಸಂಸಾರ ಹೂಡಿವೆ. ಸಂಜುಕುಮಾರ ಹೋದಾಗಿನಿಂದ ಸಿದ್ದೇಶ್ವರಿ ನನ್ನ ಮನೆಯಲ್ಲಿ ಇರುತ್ತಾಳೆ, ಜಂಪರ್ ಹೊಲಿಯುತ್ತಾಳೆ, ಇಲ್ಲೇ ಉಣ್ಣುತ್ತಾಳೆ. ಸೇವೆಗೆ ಸಂಬಳವೂ ಇಲ್ಲ. ನಮ್ಮ ಓಣಿಯ ಹುಸೇನನ ತಾಯಿ ಹಾಸಿಗೆ ಹಿಡಿದು ಮಲಗಿದಾಗ ಇವಳೇ ಹೋಗಿ ಮೈ ಒರೆಸಿ ಬರುತ್ತಿದ್ದಳು. ಆ ಮುದುಕಿ, "ನಿಮ್ಮ ದುವಾ ನೀವು ಮಾಡ್ರಿ, ನಮ್ಮ ದುವಾ ನಾ ಮಾಡ್ತೇನಿ, ನೀರಷ್ಟು ಕುಡಸ್ರಿ" ಎನ್ನುತ್ತಿದ್ದಳಂತೆ. ಅದನ್ನು ನೋಡಿಯೇ ಸಭೆಯವರು ಇವಳನ್ನು ಕೇಳಿದ್ದು. ಇವಳಾಗಿ ಕೇಳಲಿಲ್ಲ.

ಪಾಸ್ಟರ್ ಸಂಘಪಾಲ ಏಪ್ರಿಲ್ ಹದಿಮೂರು, ಗರಿಗಳ ಭಾನುವಾರ ಎಂದು ದಿನ ಗೊತ್ತು ಮಾಡಿದ್ದಾರೆ. ಬೆಳಿಗ್ಗೆ ಬೀದರಿನಲ್ಲಿ ಆರಾಧನೆ ಮುಗಿಸಿ ಮಧ್ಯಾಹ್ನ ಇಲ್ಲಿಗೆ ಬರುತ್ತಾರೆ. ಅಂದು ಕೈ ಹಿಡಿಯುವವರು ಇಲ್ಲದಿದ್ದರೆ ಸೇವೆಗೆ ಬೇರೆಯವಳನ್ನು ನೋಡಬೇಕಾಗುತ್ತದೆ. ನಿನಗೆ ಬರಲಾಗದಿದ್ದರೆ ಇನ್ನೊಂದು ದಾರಿಯನ್ನೂ ಹೇಳಿದ್ದಾರೆ. ನೀನು ನಿನ್ನ ಸಭೆಯ ಮುಂದೆ ನಿಂತು, "ನನ್ನ ಬದಲಿಗೆ ಸಖು ನಿಲ್ಲಲಿ" ಎಂದು ಹೇಳಿದರೆ ನಾನೇ ಕೈ ಹಿಡಿಯಬಹುದು. ನಿನ್ನ ಬಾಯಿಂದ ಬರಬೇಕು ಅಷ್ಟೇ.

ಅಪ್ಪ ಇದ್ದಿದ್ದರೆ ನಿನಗೆ ತಿಳಿಸಿ ಹೇಳುತ್ತಿದ್ದ. ನಾನು ಬೋರ್ಡಿಂಗಿನಲ್ಲಿ ಅತ್ತು ಅತ್ತು ಉಣ್ಣುವುದು ಬಿಟ್ಟಾಗ ಅವನು ಬಂದು, ನನ್ನನ್ನು ಹೆಗಲ ಮೇಲೆ ಕೂಡಿಸಿಕೊಂಡು ಊರಿಗೆ ತಂದನಲ್ಲ, ಅಂಥ ಮನಸ್ಸು ಅವನದು.

ನಿನ್ನ ತಂಗಿ
ಸಖು


ಬೀದರ
10 ಮಾರ್ಚ್ 2025

ಸಖು,

ನನ್ನ ಬದಲಿಗೆ ನೀನು! ನಾಲ್ಕನೆಯ ಇಯತ್ತೆಯ ಬಾಗಿಲಿನಿಂದ ಓಡಿಬಂದವಳು ಇನ್ನೊಬ್ಬರ ಮನಸ್ಸಿಗೆ ಜಾಮೀನು ನಿಲ್ಲುತ್ತೀಯಾ? ಆ ಮಾತು ನನ್ನ ಬಾಯಿಂದ ಬರುವುದಿಲ್ಲ.

ಇಲ್ಲಿಯೂ ಮನಸ್ಸಿನದೇ ಗದ್ದಲ ನಡೆದಿದೆ. ಈಸ್ಟರಿಗೆ ಮುಂಚಿನ ಶ್ರಮೆಯ ಕಾಲ ಶುರುವಾಯಿತಲ್ಲ. ನಿಮ್ಮ ಸಂಘಪಾಲ ಪಾಸ್ಟರಿಗೆ ಮೀಸೆ ನೆಟ್ಟಗೆ ಬಂದಿಲ್ಲ, ಪೀಠದ ಮೇಲೆ ನಿಂತು ಹೇಳುತ್ತಾನೆ: "ಈ ನಲವತ್ತು ದಿವಸ ಚಹಾ ಬಿಡಬ್ಯಾಡ್ರಿ, ಮಾಂಸ ಬಿಡಬ್ಯಾಡ್ರಿ. ಮಾಡಿದ ಒಂದೊಂದು ಚೊಲೋ ಕೆಲಸ ಹಿಡ್ಕೊಂಡು, ಇದನ್ನ ಯಾಕ ಮಾಡಿದೆ ಅಂತ ನಿಮ್ಮನ್ನ ನೀವು ಕೇಳ್ಕೋರಿ. ಉತ್ತರ ದೇವ್ರಿಗೆ ಹೇಳ್ರಿ. ಬಾಜೂ ಮನ್ಯಾಕಿಗೆ ಹೇಳಬ್ಯಾಡ್ರಿ."

ನನ್ನ ಹಿಂದಿನ ಬೆಂಚಿನಿಂದ ಕಾಂತಾಬಾಯಿ, "ಚಹಾ ಬಿಡೋದೇ ಹಗುರಿತ್ತಲ್ರಿ" ಎಂದಳು. ಈ ಕಾಂತಾಬಾಯಿ ನನ್ನ ಕುರ್ಚಿಯ ಮೇಲೆ ಕಣ್ಣಿಟ್ಟಿರುವ ಉಪಾಧ್ಯಕ್ಷೆ. ಅವಳ ಮಟ್ಟಿಗೆ ಪಾಸ್ಟರ್ ಹೇಳಿದ ಪರೀಕ್ಷೆಯನ್ನು ನಾನೇ ಮಾಡಿ ಮುಗಿಸಿದ್ದೇನೆ. ಗುಡಿಯ ಕಿಟಕಿಗೆ ಪರದೆ ಹೊಲಿಸಿಕೊಟ್ಟಳು. ಅದರ ಮೇಲೆ ಕೆಂಪು ದಾರದಲ್ಲಿ 'ಕಾಂತಾಬಾಯಿಯ ಕಾಣಿಕೆ' ಎಂದು ಬರೆಸಿ, ಅಕ್ಷರ ರಸ್ತೆಯ ಕಡೆಗೆ ಬರುವಂತೆ ತೂಗುಹಾಕಿದ್ದಾಳೆ. ಒಳಗೆ ಕೂತ ದೇವರಿಗೆ ಹಿಂಬದಿ, ಬಸ್ಸಿನವರಿಗೆ ಮುಂಬದಿ. ಇನ್ನೊಬ್ಬಳಿದ್ದಾಳೆ, ಕಾಯಿಲೆಯವರನ್ನು ನೋಡಲು ಹೋದವಳು ಮೊದಲು ಅಡುಗೆಮನೆಗೇ ನುಗ್ಗುತ್ತಾಳೆ. ಇವರೆಲ್ಲ ಏನನ್ನು ಯಾಕೆ ಮಾಡುತ್ತಾರೆ ಎಂದು ನನಗೆ ಬೆಳಕಿನಷ್ಟು ಸ್ಪಷ್ಟ. ನನ್ನದನ್ನು ನಾನು ನೋಡಿಕೊಳ್ಳುವ ಅಗತ್ಯ ಬಿದ್ದಿಲ್ಲ.

ಆರಾಧನೆ ಮುಗಿದ ಮೇಲೆ ಪಾಸ್ಟರನಿಗೆ ಅದನ್ನೇ ಹೇಳಿದೆ. "ಅಯ್ನೋರ, ಬಾವಿ ನೀರು ಚೊಲೋ ಇದ್ರ ಸಾಕು. ಬುಡಕ್ಕ ಹೋಗಿ ಕೆದರಿದ್ರ ರಾಡಿ ಏಳ್ತದ."

ಅವನು ನಕ್ಕ. "ರಾಡಿ ಇದ್ರಷ್ಟೇ ಏಳ್ತದ್ರಿ, ಅಮ್ಮಾರ."

ಇಂಥ ಬಾಯಿ ಇದ್ದವನು ಹೆಚ್ಚು ದಿನ ಬಾಳುವುದಿಲ್ಲ. ಬೇಗ ವರ್ಗ ಮಾಡುತ್ತಾರೆ ಎನ್ನುತ್ತೇನೆ.

ಉದ್ದೇಶದ ಮಾತು ಬಂದದ್ದಕ್ಕೆ ಒಂದು ಬರೆಯುತ್ತೇನೆ. ಅಪ್ಪನ ಹೆಗಲಿನ ಕಥೆಯನ್ನು ಇಷ್ಟು ವರ್ಷ ಕೇಳಿ ಸಾಕಾಗಿದೆ. ಅಪ್ಪ ನಿನ್ನನ್ನು ಬೋರ್ಡಿಂಗಿನಿಂದ ತಂದದ್ದು ನಿನ್ನ ಅಳು ನೋಡಲಾರದೆ ಅಲ್ಲ. ಆ ವರ್ಷ ಆಡು ಮೇಯಿಸಲು ಮನೆಯಲ್ಲಿ ಒಬ್ಬರು ಬೇಕಿತ್ತು. ತಂದ, ಮೇಯಿಸಿದಿ. ಅಷ್ಟೇ.

ಸಿದ್ದೇಶ್ವರಿ ಇನ್ನೊಂದು ಗಂಡನನ್ನೋ ಇನ್ನೊಂದು ಗುಡಿಯನ್ನೋ ಹುಡುಕಿಕೊಳ್ಳಲಿ. ಸಂಜುಕುಮಾರನನ್ನು ಮಣ್ಣು ಮಾಡಿದ ತಿಂಗಳೇ ನಾನು ಸ್ತ್ರೀ ಸಮಾಜದಲ್ಲಿ ಎಲ್ಲರ ಮುಂದೆ ಹೇಳಿದ್ದೆ: ಬೇರಿಲ್ಲದ ಗಿಡ, ಗಾಳಿ ಬಿಟ್ಟರೆ ಭಾಲ್ಕಿಗೆ ಹಾರುತ್ತದೆ. ನೋಡುತ್ತಿರು.

ಜಿಜಾಬಾಯಿ


ಠಾಣಾ ಕುಶನೂರ
17 ಮಾರ್ಚ್ 2025

ಪ್ರೀತಿಯ ಅಕ್ಕನಿಗೆ,

ನಿನ್ನ ಪತ್ರ ಕೇಳಿ ಕಾಂತಾಬಾಯಿಯ ಪರದೆಗೆ ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ಓದುವವರಿಗೆ ನಗು ತಡೆಯಲಾಗದೆ ನೀರು ಕುಡಿದು ಮತ್ತೆ ಓದಿದರು. ಗಿಡದ ಮಾತು ಬಂದಾಗ ಮಾತ್ರ ನಗಲಿಲ್ಲ. ಆದರೂ ಓದಿದರು.

ನಿನ್ನ ಗಿಡದ ಮಾತಿಗೆ ತಕ್ಕಂತೆ ಭಾಲ್ಕಿಯಿಂದ ಗಾಳಿ ಬಂದಿತ್ತು. ಹೋದ ವಾರ ಸಿದ್ದೇಶ್ವರಿಯ ಅಣ್ಣ ಜೀಪು ತಂದು ಬಾಗಿಲಲ್ಲಿ ನಿಲ್ಲಿಸಿದ. "ಅಪ್ಪ ನಿನ್ನ ಸಲವಾಗಿ ಎರಡು ಕೋಣಿ ಬಿಟ್ಟಾನ, ಬಾ. ಇಲ್ಲಿ ನಿನಗ ಯಾರದಾರ? ಆ ಮುದುಕಿ ಅಂತೂ ನಿನ್ನ ಮಾರಿ ನೋಡಂಗಿಲ್ಲ" ಎಂದ. ಮುದುಕಿ ಎಂದರೆ ನೀನು, ಅಕ್ಕಾ. ಸಿದ್ದೇಶ್ವರಿ, "ಗರಿಗಳ ಐತವಾರದ ತನಕ ತಡಿ ಅಣ್ಣಾ" ಎಂದು ಊಟ ಹಾಕಿ ಕಳಿಸಿದಳು. ಅಂದು ಏನಾದರೂ ಒಂದು ಆಗಬೇಕು. ಕೈ ಹಿಡಿಯುವವರು ಇಲ್ಲ ಎಂದಾದರೆ ಇಲ್ಲಿನ ಜನರ ಮುಂದೆ ಅವಳು ಹ್ಯಾಂಗೆ ತಲೆ ಎತ್ತಬೇಕು? ನಾನು ಇರು ಎಂದರೂ ಅವಳು ಇರಲಾರಳು.

ಬಾಗಿಲಲ್ಲಿ ಬಿಸಿಲು ಬಿದ್ದಿದೆ. ಹೀಗೆ ಬಿಸಿಲು ಬಿದ್ದಾಗಲೆಲ್ಲ ಅಪ್ಪನ ಹೆಗಲು ನೆನಪಾಗುತ್ತದೆ. ಎಣ್ಣೆ ಹಚ್ಚಿದ ತಲೆಯನ್ನು ಹಿಡಿದುಕೊಂಡು ಕೂತಿದ್ದೆ. ದಾರಿಯುದ್ದಕ್ಕೂ, "ಅಳಬ್ಯಾಡ ಸಖು, ಮನಿ ಬಂತು" ಎನ್ನುತ್ತಿದ್ದ. ಮನೆ ಇನ್ನೂ ದೂರವಿತ್ತು.

ಸಖು


ಬೀದರ
21 ಮಾರ್ಚ್ 2025

ಸಖು,

ನಿನ್ನ ದಪ್ಪ ಚರ್ಮಕ್ಕೆ ಏನೂ ತಾಕುವುದಿಲ್ಲ ಎಂದು ಕಾಣುತ್ತದೆ. ಅಪ್ಪನ ಬಗ್ಗೆ ನಾನು ಅಷ್ಟು ಸ್ಪಷ್ಟವಾಗಿ ಬರೆದರೂ ನೀನು ಮತ್ತೆ ಅದೇ ಹೆಗಲ ಮೇಲೆ ಕೂತಿದ್ದೀ. ಕೂತಿರು.

ನಾನು ಭಾಲ್ಕಿಗೆ ಹೋಗಿ ಬಂದೆ. ಹೌದು, ನಾನೇ, ಬಸ್ಸಿನಲ್ಲಿ, ಮಗಳಿಗೂ ಹೇಳದೆ. ಎರಡು ಕೋಣೆಯ ಕಥೆಯನ್ನು ಕಣ್ಣಾರೆ ನೋಡಬೇಕಿತ್ತು. ಖರೇ ಇದೆ. ಸೂರಿಗೆ ಹೊಸ ಪತ್ರಾಸು, ಬಾಗಿಲಿಗೆ ಹಸಿರು ಬಣ್ಣ, ಅಂಗಳದಲ್ಲಿ ಹಾಲು ಕರೆಯುವ ಎಮ್ಮೆ. ಇಷ್ಟನ್ನು ಬಿಟ್ಟು ಹೆಗ್ಗಣದ ಊರಲ್ಲಿ ಜಂಪರ್ ಹೊಲಿಯುತ್ತ ಯಾರಾದರೂ ಕೂಡುತ್ತಾರೆಯೇ? ಏನೋ ಲೆಕ್ಕವಿದೆ. ಅದು ಏನೆಂದು ನನಗೆ ಇನ್ನೂ ಸಿಕ್ಕಿಲ್ಲ, ಸಿಗುತ್ತದೆ.

ಸಿದ್ದೇಶ್ವರಿಯ ಅಪ್ಪ ಸಭ್ಯ ಮನುಷ್ಯ. "ಬರ್ರಿ ಬೀಗರ, ಕೂಡ್ರಿ" ಎಂದು ಕುರ್ಚಿ ಹಾಕಿಸಿದ. ಮದುವೆಗೆ ಬಂದಿರಲಿಲ್ಲ, ನನ್ನ ಮಗನ ಮಣ್ಣಿಗೂ ಬಂದಿರಲಿಲ್ಲ. ಈಗ ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿಸಿ ಹೇಳುತ್ತಾನೆ: "ನೀವು ಅಕಿ ಕೈ ಹಿಡಿಯಂಗಿಲ್ಲ ಅಂತ ನನ್ನ ಮಗ ಹೇಳ್ದ. ಚೊಲೋ ಆತ್ರಿ. ಹಂಗೇ ಗಟ್ಟಿ ಇರ್ರಿ. ನೀವು ಕೈ ಬಿಟ್ರ ಅಕಿ ತಾನಾಗೇ ಯೇಸೂನ್ನ ಬಿಟ್ಟು ಮನಿಗೆ ಬರ್ತಾಳ. ನಿಮಗೂ ಅದೇ ಬೇಕಾಗೇದ, ನಮಗೂ ಅದೇ."

ಚಹಾ ಮುಗಿಸಿ ಎದ್ದೆ. ಬಸ್ಸು ಹಲಬರ್ಗಾ ದಾಟುವ ತನಕ ಅವನ ಮಾತು ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಸಕ್ಕರೆ ಹೆಚ್ಚಾಗಿತ್ತು, ಅದಕ್ಕೇ ಇರಬೇಕು.

ಈಗ ಒಂದು ಕೆಲಸ ಮಾಡು. ನಿನ್ನ ಮಾತನ್ನು ನಾನು ನಂಬುವುದಿಲ್ಲ, ನೀನು ಕುಂಬಳಕಾಯಿ ಕದ್ದವನನ್ನೂ ಪಾಪ ಎನ್ನುವವಳು. ನಿನಗೆ ಬರೆದುಕೊಡುವ ಆ ಹೆಂಗಸನ್ನು ಕೇಳು. ಹೆಂಗಸೇ ಇರಬೇಕು, ಗಂಡಸರು ಸಾಲನ್ನು ಇಷ್ಟು ನೆಟ್ಟಗೆ ಎಳೆಯುವುದಿಲ್ಲ. ನಾನು ಬರೆದ ಕಹಿಯನ್ನು ಕಹಿಯಾಗಿಯೇ ಓದಿದ್ದಾಳೆ, ನಿನ್ನ ಉತ್ತರಕ್ಕೆ ಬೆಲ್ಲ ಬೆರೆಸಿಲ್ಲ. ಅಂಥವರು ಅಪರೂಪ. ಅವಳು ಸಿದ್ದೇಶ್ವರಿಯನ್ನು ದಿನವೂ ನೋಡುತ್ತಿರಬೇಕು. ಸಿದ್ದೇಶ್ವರಿ ಯಾಕೆ ಅಲ್ಲಿ ಇದ್ದಾಳೆ, ಯಾಕೆ ಈ ಸೇವೆ ಅವಳಿಗೆ ಬೇಕು ಎಂದು ಆ ಹೆಂಗಸು ತನ್ನ ಮನಸ್ಸಿಗೆ ತೋಚಿದ್ದನ್ನು ನನಗೆ ನೇರವಾಗಿ ಬರೆಯಲಿ. ನೀನು ನಡುವೆ ಬಾಯಿ ಹಾಕಬೇಡ. ಅವಳ ಮಾತನ್ನು ನಾನು ಒಪ್ಪುತ್ತೇನೆ.

ಜಿಜಾಬಾಯಿ


ಠಾಣಾ ಕುಶನೂರ
26 ಮಾರ್ಚ್ 2025

ಅತ್ತೆಯವರಿಗೆ,

ಇದು ಸಖು ಚಿಕ್ಕತ್ತೆ ಹೇಳಿ ಬರೆಸಿದ್ದಲ್ಲ. ದೀಪಾವಳಿಯಿಂದ ಅವರಿಗೆ ನಿಮ್ಮ ಪತ್ರ ಓದಿ ಹೇಳುತ್ತಿರುವವಳು, ಉತ್ತರ ಬರೆಯುತ್ತಿರುವವಳು ನಾನೇ, ಸಿದ್ದೇಶ್ವರಿ. ನಿಮಗೆ ಗೊತ್ತಾದರೆ ಪತ್ರ ನಿಲ್ಲಿಸುತ್ತೀರಿ ಎಂದು ಚಿಕ್ಕತ್ತೆ ಹೆದರಿದರು. ನಾನು ಸುಮ್ಮನಿದ್ದೆ. ಕೈ ಹಿಡಿಯಲು ಬಾ ಎಂಬ ಮೊದಲ ಮಾತನ್ನು ಮಾತ್ರ ನಾನು ಬರೆಯಲಾರೆ ಎಂದೆ. ಅದಕ್ಕೇ ಫೋನು ಮಾಡಿಸಿದರು.

ನೀವು ಬರೆಯುವವಳ ಮಾತನ್ನು ಒಪ್ಪುತ್ತೇನೆ ಎಂದಿದ್ದೀರಿ. ಆದ್ದರಿಂದ ಸಿದ್ದೇಶ್ವರಿಯ ಬಗ್ಗೆ ನನಗೆ ಗೊತ್ತಿದ್ದಷ್ಟು ಬರೆಯುತ್ತೇನೆ.

ದೀಕ್ಷಾಸ್ನಾನದ ದಿನ ಅವಳ ಕಣ್ಣು ನಿಮ್ಮ ಮಗನ ಮೇಲಿತ್ತು. ನೀವು ಕಂಡದ್ದು ನಿಜ. ಅವರು ತೀರಿಕೊಂಡ ಮೇಲೆ ಮೊದಲು ಇಲ್ಲಿ ಉಳಿದದ್ದೂ ಭಕ್ತಿಯಿಂದಲ್ಲ. ಭಾಲ್ಕಿಗೆ ಹಾರುತ್ತಾಳೆ ಎಂದು ನೀವು ಅಂದದ್ದು ಕಿವಿಗೆ ಬಿದ್ದಿತ್ತು. ಆ ಹಟಕ್ಕೆ ಉಳಿದಳು. ಹಟಕ್ಕೆ ಗುಡಿಗೆ ಹೋದಳು, ಹಟಕ್ಕೆ ಮೊಣಕಾಲೂರಿದಳು. ಒಂದು ದಿನ ಹಾಗೆ ಮೊಣಕಾಲೂರಿದಾಗ ನೀವು ನೆನಪಾಗಲಿಲ್ಲ. ಅಷ್ಟೇ ನಡೆದದ್ದು. ಅದಕ್ಕಿಂತ ದೊಡ್ಡ ಸಾಕ್ಷಿ ಅವಳ ಹತ್ತಿರ ಇಲ್ಲ.

ಸೇವೆ ಯಾಕೆ ಬೇಕು ಎಂದು ಕೇಳಿದ್ದೀರಿ. ಹುಸೇನರ ತಾಯಿ ಬಾಗಿಲ ಕಡೆಗೆ ಮುಖ ಮಾಡಿ ಅವಳ ದಾರಿ ಕಾಯುತ್ತಿದ್ದರು. ಯಾರೋ ತನಗಾಗಿ ಕಾಯುತ್ತಾರೆ ಎಂಬುದು ಅವಳಿಗೆ ಹಿಡಿಸಿತು. ಇದರಲ್ಲಿ ಎಷ್ಟು ಪಾಲು ದೇವರದು, ಎಷ್ಟು ಪಾಲು ಯಾರಿಗಾದರೂ ಬೇಕಾದವಳಾಗಿ ಇರುವ ಆಸೆಯದು ಎಂದು ಅವಳಿಗೂ ತಿಳಿಯದು. ದಿನಾ ಕೇಳಿಕೊಳ್ಳುತ್ತಾಳೆ. ಪೂರಾ ಶುದ್ಧವಾದ ಮೇಲೆ ಹೋಗೋಣ ಎಂದು ಕೂತಿದ್ದರೆ ಆ ಮುದುಕಿ ನೀರಿಲ್ಲದೆ ಮಲಗಿರುತ್ತಿದ್ದರು. ಅದಕ್ಕೆ ಅರೆಬರೆ ಮನಸ್ಸಿನಲ್ಲೇ ಹೋದಳು.

ಇನ್ನೊಂದು. ನಾನು ಒಂದಕ್ಷರ ನುಂಗಿಲ್ಲ ಎಂದು ನೀವು ನಂಬಿದ್ದೀರಿ. ಅದು ಸುಳ್ಳು. ನನ್ನ ಬಗ್ಗೆ ನೀವು ಬರೆದದ್ದನ್ನೆಲ್ಲ ಗಟ್ಟಿಯಾಗಿ ಓದಿದೆ. ಚಿಕ್ಕತ್ತೆಯವರ ಅಪ್ಪ, ಬೋರ್ಡಿಂಗು, ಆಡು ಎಂಬ ಸಾಲುಗಳನ್ನು ಬಿಟ್ಟು ಓದಿದೆ. ಅವರು ದಪ್ಪ ಚರ್ಮದವರಲ್ಲ, ಅವರಿಗೆ ಅದು ಮುಟ್ಟಿಯೇ ಇಲ್ಲ. ಬಿಟ್ಟು ಓದಿದಾಗ, ಅವರನ್ನು ಕಾಯ್ದೆ ಎಂದು ನನಗೆ ಖುಷಿಯಾಯಿತು. ನಿಮಗಿಂತ ನಾನು ಒಳ್ಳೆಯವಳು ಎನ್ನಿಸಿತು. ಆ ಖುಷಿಯೂ ಶುದ್ಧವಲ್ಲ.

ನನ್ನ ಕೈ ಹಿಡಿಯಿರಿ ಎಂದು ನಾನು ಕೇಳುವುದಿಲ್ಲ. ಇನ್ನು ಮುಂದೆ ಚಿಕ್ಕತ್ತೆಯ ಪತ್ರ ಬರೆಯುವುದೂ ಸರಿಯಲ್ಲ.

ಸಿದ್ದೇಶ್ವರಿ


ಠಾಣಾ ಕುಶನೂರ
3 ಏಪ್ರಿಲ್ 2025

ಅಕ್ಕಾ,

ಜ್ಞಾನೇಶ್ವರ ಬರೆಯುತ್ತಿದ್ದಾನೆ. ಅಕ್ಷರ ನೋಡಿ ಬೈಯಬೇಡ.

ಸಿದ್ದೇಶ್ವರಿ ನಿನಗೆ ಏನು ಬರೆದಳೋ ನನಗೆ ಹೇಳಲಿಲ್ಲ. ನೀನು ಉತ್ತರವನ್ನೂ ಬರೆಯಲಿಲ್ಲ. ರಮಜಾನು ಮುಗಿಯಿತು, ಹುಸೇನನ ಮನೆಯಿಂದ ಶಾವಿಗೆಯ ಸೇವಯ್ಯಾ ಬಂತು, ನಿನ್ನ ಪತ್ರ ಬರಲಿಲ್ಲ. ಅವಳು ಒಪ್ಪಿಕೊಂಡಿದ್ದ ಜಂಪರುಗಳನ್ನೆಲ್ಲ ಹೊಲಿದು ಮುಗಿಸಿ ಮನೆಮನೆಗೆ ಕೊಟ್ಟು ಬಂದಳು. ಹೊಸ ಬಟ್ಟೆ ತೆಗೆದುಕೊಳ್ಳುತ್ತಿಲ್ಲ. "ಯಾಕವ್ವಾ, ಹೊಂಟಿ ಏನು?" ಎಂದು ಕೇಳಿದೆ. "ಯಾರರೆ ಹೊಲಿಸ್ಲಿಕ್ಕೆ ಕೊಟ್ಟು, ನಾ ಇಲ್ದಿದ್ರ ಅವ್ರಿಗೆ ತ್ರಾಸ ಆಗ್ತದಲ್ರಿ" ಎಂದಳು.

ನಿನಗೆ ನನ್ನ ಮೇಲೆ ಸಿಟ್ಟಿದ್ದರೆ ನನ್ನ ಮೇಲೆ ಇರಲಿ. ಅಡಗಿಸಿದವಳು ನಾನು, ಅವಳಲ್ಲ.

ಸಖು

(ದೊಡ್ಡವ್ವಾ, ನಾನು ಜ್ಞಾನೇಶ್ವರ. ಅವ್ವ ಎರಡು ದಿವಸದಿಂದ ನೆಟ್ಟಗೆ ಉಂಡಿಲ್ಲ. ಇದನ್ನು ಅವಳು ಹೇಳಿಲ್ಲ, ನಾನೇ ಬರೆದೆ.)


ಬೀದರ
7 ಏಪ್ರಿಲ್ 2025

ಸಿದ್ದೇಶ್ವರಿ,

ಇದು ನಿನಗೆ ನಾನು ಬರೆಯುವ ಮೊದಲ ಪತ್ರ. ಇಲ್ಲಿಯ ತನಕ ಬರೆದದ್ದನ್ನೆಲ್ಲ ನೀನೇ ಓದಿದ್ದೀ ಎಂದಮೇಲೆ ಇದನ್ನು ಮೊದಲನೆಯದು ಎನ್ನಬಹುದೋ ಇಲ್ಲವೋ ನನಗೆ ಗೊತ್ತಿಲ್ಲ.

ನಿನ್ನ ಪತ್ರ ಬಂದ ದಿನ ಅದರಲ್ಲಿ ಕಪಟ ಹುಡುಕಿದೆ. ಸುಳ್ಳು ಯಾಕೆ ಹೇಳಲಿ, ಮೂರು ಸಲ ಓದಿ ಮೂರು ಸಲವೂ ಹುಡುಕಿದೆ. ನನ್ನನ್ನು ಕರಗಿಸಲು ಬರೆದವಳಾದರೆ ಹಟದ ಮಾತನ್ನು ಬರೆಯುತ್ತಿರಲಿಲ್ಲ. ನನ್ನನ್ನು ಚುಚ್ಚಲು ಬರೆದವಳಾದರೆ ನಾನು ಕಂಡದ್ದು ನಿಜ ಎಂದು ಒಪ್ಪುತ್ತಿರಲಿಲ್ಲ. ನಿನ್ನನ್ನು ನೀನೇ ಇಷ್ಟು ಬಗೆದು ಇಟ್ಟಮೇಲೆ ನನಗೆ ಬಗೆಯಲು ಏನೂ ಉಳಿಯಲಿಲ್ಲ. ನನಗೆ ಸಿಟ್ಟು ಬಂತು. ಅದಕ್ಕೇ ಉತ್ತರ ಬರೆಯಲಿಲ್ಲ.

ಆಮೇಲೆ ಜ್ಞಾನೇಶ್ವರನ ಕೋಳಿ ಅಕ್ಷರ ಬಂತು. ಆಗ ತೀರ್ಮಾನ ಮಾಡಿದೆ: ಹದಿಮೂರಕ್ಕೆ ಕುಶನೂರಿಗೆ ಹೋಗಿ ನಾನೇ ಕೈ ಹಿಡಿಯುತ್ತೇನೆ. ಟ್ರಂಕಿನಿಂದ ಬಿಳಿ ರೇಷ್ಮೆ ಸೀರೆ ತೆಗೆದು ಅಂಗಳದಲ್ಲಿ ಬಿಸಿಲಿಗೆ ಹಾಕಿದೆ. ಪಕ್ಕದ ಮನೆಯ ಮುನವ್ವರ ಬೇಗಂ ಈದಿನ ಸೇವಯ್ಯಾ ಕೊಟ್ಟಿದ್ದ ಬಟ್ಟಲನ್ನು ವಾಪಸು ಒಯ್ಯಲು ಬಂದಳು. ಅವಳಿಗೂ ನನಗೂ ಐವತ್ತು ವರ್ಷದ ಜಗಳ. ಅವಳಷ್ಟು ಚೊಲೋ ಜಗಳವಾಡುವವರು ನಮ್ಮ ಸಭೆಯಲ್ಲಿ ಒಬ್ಬರೂ ಇಲ್ಲ.

"ಯಾರದು ಶಾದಿ, ಆಪಾ?" ಎಂದಳು.

"ಶಾದಿ ಅಲ್ಲ. ಸೊಸೀನ್ನ ಸೇವಾಕ್ಕ ನಿಲ್ಲಸ್ತಾರ. ಕೈ ಹಿಡೀಲಿಕ್ಕೆ ಹೊಂಟೇನಿ."

"ಯಾವ ಸೊಸಿ? ಇಷ್ಟು ದಿವಸ ಹೆಸರು ತಗೊಂಡ್ರ ಉಗಳ್ತಿದ್ದೀರಲ್ಲ, ಅಕೀನಾ?"

"ಅಕೀನೇ."

ಅವಳು ಸೆರಗನ್ನು ಬೆರಳಲ್ಲಿ ಎತ್ತಿ ನೋಡಿದಳು. "ಸಾಡಿ ಭಾರಿ ಅದ. ನಿಯ್ಯತ್ ಏನದ? ಅಕಿ ಸಲವಾಗಿ ಹೊಂಟೀರೋ, ಇದನ್ನ ತೋರಸ್ಲಿಕ್ಕೆ ಹೊಂಟೀರೋ?"

"ನಿನ್ನ ಬಾಯಾಗ ಹುಳ ಬೀಳ್ಲಿ" ಎಂದೆ. ನಗುತ್ತ ಬಟ್ಟಲು ತೆಗೆದುಕೊಂಡು ಹೋದಳು.

ನಾನು ಅಂಗಳದಲ್ಲೇ ನಿಂತೆ. ಯಾಕೆಂದರೆ, ಸಿದ್ದೇಶ್ವರಿ, ಅಷ್ಟರಲ್ಲಾಗಲೇ ಕುಶನೂರಿನ ಗುಡಿಯ ಬಾಗಿಲಲ್ಲಿ ನಾನು ಇಳಿಯುವುದನ್ನು ಮನಸ್ಸಿನಲ್ಲಿ ಎಷ್ಟೋ ಸಲ ನೋಡಿ ಆಗಿತ್ತು. ಜನ ಎದ್ದು ನಿಲ್ಲುತ್ತಾರೆ. ಹೂಮಾಲೆ ತರುತ್ತಾರೆ. "ಎಂಥಾ ದೊಡ್ಡ ಮನಸು, ಬೀದರದಿಂದ ಬಂದಾರ ನೋಡ್ರಿ" ಎನ್ನುತ್ತಾರೆ. ಸಖು ಅಳುತ್ತಾಳೆ. ನೀನು ನನ್ನ ಕಾಲಿಗೆ ಬೀಳುತ್ತೀ, ನಾನು ಎತ್ತುತ್ತೇನೆ. ನಾನು ನೋಡಿಕೊಂಡ ಆ ಚಿತ್ರದಲ್ಲಿ ನಿನ್ನ ಮುಖವೇ ಇರಲಿಲ್ಲ, ಬರೀ ತಲೆ. ಕಾಂತಾಬಾಯಿಯ ಪರದೆ ನೆನಪಾಯಿತು. ಅವಳದು ಕೆಂಪು ದಾರ, ನನ್ನದು ಬಿಳಿ ರೇಷ್ಮೆ.

ಒಮ್ಮೆ ಕೆದರಿದ ಮೇಲೆ ರಾಡಿ ನಿಲ್ಲಲಿಲ್ಲ. ಭಾಲ್ಕಿಯಲ್ಲಿ ನಿನ್ನ ಅಪ್ಪ ಹೇಳಿದ್ದು ಮತ್ತೆ ಕೇಳಿಸಿತು: ನಿಮಗೂ ಅದೇ ಬೇಕಾಗೇದ, ನಮಗೂ ಅದೇ. ಅವನಿಗಾದರೂ ಮಗಳು ಬೇಕಾಗಿದ್ದಾಳೆ. ನನಗೆ ಬೇಕಾಗಿದ್ದದ್ದು ನನ್ನ ಮಾತು ನಿಜವಾಗುವುದು. ನೀನು ಯೇಸುವನ್ನು ಬಿಟ್ಟು ಹೋಗಬೇಕು, ನಾನು ಸ್ತ್ರೀ ಸಮಾಜದಲ್ಲಿ, "ಹೇಳಿರಲಿಲ್ಲೇನು?" ಎನ್ನಬೇಕು. ಇಷ್ಟಕ್ಕಾಗಿ ಒಂದು ಆತ್ಮ ಹಾಳಾಗಲಿ ಎಂದು ಸ್ತ್ರೀ ಸಮಾಜದ ಅಧ್ಯಕ್ಷೆ ಮೂರು ವರ್ಷ ಕಾದಳು. ನಾನು ಇಷ್ಟು ದಿನ ಎಷ್ಟೋ ಜನರನ್ನು ಕೀಳಾಗಿ ಕಂಡಿದ್ದೇನೆ. ಇಷ್ಟು ಕೀಳಾದದ್ದು ನನಗೆ ಹೊರಗೆ ಎಲ್ಲಿಯೂ ಸಿಕ್ಕಿರಲಿಲ್ಲ.

ಕುಶನೂರಿಗೆ ಬಂದರೆ ನನಗೆ ಮಾಲೆ ಬೀಳುತ್ತದೆ. ನನಗೆ ಏನೂ ಬೀಳದ ಜಾಗ ಬೀದರಿನಲ್ಲೇ ಇತ್ತು.

ನಿನ್ನೆ ಇಲ್ಲಿ ಪವಿತ್ರ ಭೋಜನದ ಭಾನುವಾರ. ಹೆಂಗಸರ ಸಾಲಿನಲ್ಲಿ ಎದ್ದೆ. ಎಲ್ಲರೂ ನನ್ನ ಹಿಂದೆ ಎದ್ದರು. ರೊಟ್ಟಿಗೆ ಕೈ ಚಾಚದೆ ಅಲ್ಲೇ ತಿರುಗಿ ಅವರಿಗೆ ಹೇಳಿದೆ: "ಕೂಡ್ರಿ. ಸಿದ್ದೇಶ್ವರಿ ಭಾಲ್ಕಿಗೆ ಹಾರ್ತಾಳ ಅಂತ ನಾ ನಿಮ್ಮೆಲ್ಲರ ಮುಂದ ಹೇಳಿದ್ದೆ. ಹಾರ್ಲಿಲ್ಲ. ಹಾರ್ಲಿ ಅಂತ ಕಾಯ್ಕೋತ ಕೂತಾಕಿ ನಾನು. ಅಕಿ ಮನಸಿಗೆ ಜಾಮೀನು ನಿಲ್ರಿ ಅಂತ ನನ್ನ ಕರ್ದಾರ. ನನ್ನ ಮನಸಿಗೇ ಯಾರೂ ಜಾಮೀನು ನಿಲ್ಲೂ ಹಂಗಿಲ್ಲ. ನನ್ನ ಬದಲಿಗೆ ನನ್ನ ತಂಗಿ ಸಖುಬಾಯಿ ನಿಲ್ತಾಳ. ಅಕಿಗೆ ಅದರ ಯೋಗ್ಯತೆ ಅದ."

ಆಮೇಲೆ ಕಾಂತಾಬಾಯಿ, "ಅಯ್ಯ, ಅಮ್ಮಾರು ಅಳ್ಳಿಕತ್ಯಾರೇನು?" ಎಂದು ಪಿಸುಗುಟ್ಟಿದಳು. ಫೋನು ಕೇಳಿಸದ ನನ್ನ ಕಿವಿಗೆ ಅದು ಕೇಳಿಸಿತು. ನಾನು ಅಳಲಿಲ್ಲ.

ಬಾಗಿಲಲ್ಲಿ ಪಾಸ್ಟರ್ ಎರಡೂ ಕೈ ಜೋಡಿಸಿಕೊಂಡು ಬಂದ. "ಅಮ್ಮಾರ, ನೀವು ಮಾಡಿದ್ದು ಎಂಥಾ..."

"ಸುಮ್ನಿರ್ರಿ ಅಯ್ನೋರ" ಎಂದೆ. "ಹೊಗಳಿದ್ರ ಕೆಡ್ತದ."

ಅಧ್ಯಕ್ಷೆಯ ಕುರ್ಚಿ ಬಿಟ್ಟಿಲ್ಲ. ಬಿಟ್ಟರೆ ಕಾಂತಾಬಾಯಿ ಕೂಡುತ್ತಾಳೆ. ಇದರ ಹಿಂದೆ ಇರುವ ಉದ್ದೇಶ ಏನೆಂದು ನನಗೆ ಗೊತ್ತಿದೆ. ಅದನ್ನು ಬರುವ ವರ್ಷದ ಶ್ರಮೆಯ ಕಾಲದಲ್ಲಿ ನೋಡುತ್ತೇನೆ, ಎಲ್ಲವೂ ಒಂದೇ ಸಲಕ್ಕೆ ಆಗುವುದಿಲ್ಲ.

ಅಪ್ಪನ ಬಗ್ಗೆ ನಾನು ಬರೆದ ಸಾಲುಗಳನ್ನು ನೀನು ಬಿಟ್ಟು ಓದಿದ್ದು ಸರಿಯಾಯಿತು. ಆಡಿನ ಮಾತು ನಿಜವೋ ಸುಳ್ಳೋ ನನಗೂ ಗೊತ್ತಿಲ್ಲ. ಬೋರ್ಡಿಂಗಿನಲ್ಲಿ ಅತ್ತವಳು ಸಖು ಒಬ್ಬಳೇ ಅಲ್ಲ. ಹೆಗಲ ಮೇಲೆ ಹೋದವಳು ಅವಳೊಬ್ಬಳೇ. ಇನ್ನು ಮುಂದೆಯೂ ಅವಳ ಪತ್ರಗಳನ್ನು ನೀನೇ ಓದು, ನೀನೇ ಬರೆ. ಇದು ಕೋರಿಕೆಯಲ್ಲ. ನಾನು ಅಂಥದ್ದು ಬರೆದಾಗಲೆಲ್ಲ ಬಿಟ್ಟು ಓದು. ಖುಷಿಯಾದರೆ ಆಗಲಿ, ಅದನ್ನು ನೀನು ದೇವರ ಹತ್ತಿರ ನೋಡಿಕೋ.

ಈ ಪತ್ರದಲ್ಲಿ ಸಖುಗೆ ಓದಿ ಹೇಳಬೇಕಾದದ್ದು ಒಂದೇ ಮಾತು: ಹದಿಮೂರಕ್ಕೆ ಅವಳು ನಿನ್ನ ಕೈ ಹಿಡಿಯಬೇಕು. ಗಟ್ಟಿಯಾಗಿ ಹಿಡಿಯಲಿ, ಅವಳಿಗೆ ಯಾವುದನ್ನೂ ನೆಟ್ಟಗೆ ಹಿಡಿಯಲು ಬರುವುದಿಲ್ಲ. ಉಳಿದದ್ದು ನಿನಗೆ. ನಾನು ಬರುವುದಿಲ್ಲ.

ಸಭೆಯ ಮುಂದೆ ನಿಲ್ಲುವಂಥ ಸೀರೆ ಸಖು ಹತ್ತಿರ ಒಂದೂ ಇಲ್ಲ, ಇದ್ದದ್ದನ್ನೆಲ್ಲ ಕಂಡಿದ್ದೇನೆ. ನನ್ನ ಬಿಳಿ ರೇಷ್ಮೆಯನ್ನು ಕಾಗದದಲ್ಲಿ ಸುತ್ತಿ ಕುಶನೂರಿನ ಮೇಲೆ ಹೋಗುವ ಔರಾದ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟು ಬಂದೆ. ಬಸ್ಸು ಬೆಳಿಗ್ಗೆಯೇ ಹೊರಟಿತು.

ಜಿಜಾಬಾಯಿ